ಕೇಣಿಯ ಅತ್ತೆ-ಸೊಸೆ ಮರಗಳು

ಕಳೆದ ತಿಂಗಳು ಸದಾಶಿವಗಡದ ನಮ್ಮ ಮನೆಗೆ ಒಂದು ಟೆಂಪೊ ಸೌದೆ ಬಂತು. ಮನೆಯಲ್ಲಿ ಗ್ಯಾಸಿದೆ, ಗೀಸರಿದೆ. ಆದರೂ ನಮ್ಮ ಆಯಿಗೆ ಮೀಯುವ ನೀರು ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆಯಲ್ಲೇ ಕಾಯಬೇಕು. ಗೀಸರಿನ ನೀರು ಚರ್ಮಕ್ಕಷ್ಟೇ ಬಿಸಿ, ಎಲುಬಿಗೆ ತಾಗುವುದಿಲ್ಲ ಎನ್ನುವುದು ಅವಳ ವಾದ. ಮಗಳು ಅರಣ್ಯ ಇಲಾಖೆಯಲ್ಲಿದ್ದೂ ಸೌದೆಯನ್ನು ಹೊರಗಿನಿಂದ ತರಿಸಬೇಕಾಯಿತಲ್ಲ ಎಂಬ ಗೊಣಗಾಟ ಅದರ ಜೊತೆಗೆ ಇದ್ದೇ ಇದೆ.

ಭಾನುವಾರ ಬೆಳಿಗ್ಗೆ ಒಲೆ ಹೊತ್ತಿಸುವ ಕೆಲಸ ನನ್ನ ಪಾಲಿಗೆ ಬಂತು. ಸೌದೆಯಲ್ಲಿ ತೊಗಟೆ ಬಿಡಿಸದ ಗಾಳಿಮರದ ತುಂಡುಗಳಿದ್ದವು. ಒಂದೆರಡು ತೊಗಟೆ ಕಿತ್ತು ಕಿಡಿಗೆ ಒಡ್ಡಿದೆ. ಹೊಗೆ ಮೇಲೆದ್ದು ಮೂಗಿಗೆ ಬಡಿಯಿತು. ಒಗರು ಒಗರಾದ, ಒದ್ದೆ ಚರ್ಮದಂಥ, ಕೊನೆಯಲ್ಲಿ ತುಸು ಸಿಹಿಯೂ ಇದ್ದ ಆ ವಾಸನೆಗೆ ನಾನು ಊದುಗೊಳವೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಆಯಿ ಹೊರಗಿನಿಂದ ಕೂಗಿದಳು, ಒಲೆ ಹೊತ್ತಿತೋ ಇಲ್ಲವೋ ಎಂದು. ನನ್ನ ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದಲೇ ಎಂದು ಅವಳು ತಿಳಿದುಕೊಂಡಳು, ನಾನೂ ಅಲ್ಲವೆನ್ನಲಿಲ್ಲ. ಒಂದು ಬೇಸಿಗೆಯಿಡೀ ಕೇಣಿ ಊರಿನ ಮನೆಮನೆಯ ಬಚ್ಚಲಿನಿಂದ ಇದೇ ವಾಸನೆ ಬರುತ್ತಿತ್ತು.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ನನ್ನನ್ನು ಅಂಕೋಲೆಗೆ ಹಾಕಿದ್ದರು. ಕಾಗದದ ಮೇಲೆ ನಾನು ಉಪವಲಯ ಅರಣ್ಯಾಧಿಕಾರಿ, ಊರವರ ಬಾಯಲ್ಲಿ ಫಾರೆಸ್ಟರ್ ಬಾಯಿ, ಅಂದರೆ ಮೇಡಂ. ಘಟ್ಟದ ಬುಡದ ದಟ್ಟ ಕಾಡು ಸಿಕ್ಕೀತು, ಹುಲಿಯ ಹೆಜ್ಜೆಯನ್ನಾದರೂ ನೋಡೇನು ಎಂದು ಆಸೆಪಟ್ಟವಳಿಗೆ ಸಿಕ್ಕಿದ್ದು ಕೇಣಿಯ ಕಡಲ ದಂಡೆ. ಮರಳಿನ ಮೇಲೆ ಉದ್ದಕ್ಕೆ ಇಲಾಖೆಯೇ ಬೆಳೆಸಿದ ಗಾಳಿಮರದ ತೋಪು, ಅದರ ಬೆನ್ನಿಗೆ ಮೀನುಗಾರರ ಮನೆಗಳು. ಹುಲಿ ಇರಲಿ, ಅಲ್ಲಿ ಒಂದು ಮೊಲವೂ ಇರಲಿಲ್ಲ. ಒಣಮೀನಿಗೆ ಕಾದು ಕೂತ ಬೆಕ್ಕುಗಳಿದ್ದವು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೊದಲ ಕೆಲವು ತಿಂಗಳು ಯಾರ ಮೇಲೆ ಎಂದು ಗೊತ್ತಿಲ್ಲದೆ ಅದನ್ನು ಎಲ್ಲರ ಮೇಲೂ ತೀರಿಸಿಕೊಂಡೆ.

ಆ ತೋಪಿಗೆ ಬೆಂಕಿ ಬಿದ್ದದ್ದು ಮಾರ್ಚಿನಲ್ಲಿ, ಹಾಡಹಗಲೇ. ಯಾರೋ ತೋಪಿನ ಅಂಚಿನಲ್ಲಿ ಹರಿದ ಬಲೆ, ಕಸಕಡ್ಡಿ ಗುಡ್ಡೆ ಹಾಕಿ ಸುಟ್ಟಿದ್ದರು. ಗಾಳಿಮರದ ಬುಡದಲ್ಲಿ ಬೀಳುವ ಸೂಜಿಯಂಥ ದರಕು ಆ ವರ್ಷ ಮೊಣಕಾಲುದ್ದ ಕೂತಿತ್ತು. ಮಧ್ಯಾಹ್ನದ ಕಡಲಗಾಳಿ ಏಳುವುದಕ್ಕೂ ಕಿಡಿ ಅತ್ತ ಹಾರುವುದಕ್ಕೂ ಸರಿಹೋಯಿತು. ನಾವು ಹಸಿ ಸೊಪ್ಪು ಹಿಡಿದು ಬಡಿದೆವು, ಹೆಂಗಸರು ಮೀನಿನ ಬುಟ್ಟಿಯಲ್ಲಿ ಮರಳು ತಂದು ಸುರಿದರು, ಗಂಡಸರು ಕೊಡದಲ್ಲಿ ಉಪ್ಪುನೀರು ಹೊತ್ತರು. ಸಂಜೆ ಗಾಳಿ ತಿರುಗಿದ ಮೇಲೆ ಬೆಂಕಿ ತಾನಾಗಿ ಸತ್ತಿತು. ಅಷ್ಟರಲ್ಲಿ ತೋಪಿನ ನಡುಭಾಗವೆಲ್ಲ ಕಪ್ಪಗಾಗಿತ್ತು. ಯಾರು ಬೆಂಕಿ ಹಾಕಿದ್ದೆಂದು ಊರಿಡೀ ಗೊತ್ತಿತ್ತು, ಆದರೆ ನನ್ನೆದುರು ಯಾರೂ ಬಾಯಿ ಬಿಡಲಿಲ್ಲ.

ಸುಟ್ಟ ಮರಗಳ ದುಃಖಕ್ಕಿಂತ ಮೊದಲು ಅನುಭವಕ್ಕೆ ಬಂದದ್ದು ಮರಳು. ಕೆಳಗಿನ ದರಕು, ಬಳ್ಳಿ ಎಲ್ಲ ಬೂದಿಯಾಗಿದ್ದರಿಂದ ಗಾಳಿಗೆ ದಂಡೆಯ ಮರಳು ಎದ್ದು ಮನೆಗಳಿಗೆ ನುಗ್ಗಿತು. ಅನ್ನದಲ್ಲಿ ಮರಳು, ಹಾಸಿಗೆಯಲ್ಲಿ ಮರಳು, ಒಣಹಾಕಿದ ಸೀಗಡಿಯಲ್ಲಿ ಮರಳು. ಮೀನು ಮಾರಲು ಅಂಕೋಲೆ ಪೇಟೆಗೆ ಹೋಗುತ್ತಿದ್ದ ತುಳಸಕ್ಕ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಬಾಯೋರೇ, ನಿಮ್ಮ ಮರ ಇದ್ದಾಗ ಇದ್ದದ್ದೇ ಗೊತ್ತಿರ್ಲಿಲ್ಲಾ. ಈಗ ಊಟಕ್ಕೆ ಕೂತಾಗೆಲ್ಲಾ ನೆನಪಾಗ್ತದೆ ನೋಡಿ," ಎಂದಿದ್ದಳು. ಅಗಲ ಮುಖದ, ದೊಡ್ಡ ದನಿಯ ಹೆಂಗಸು. ಅವಳ ಗಂಡ ಮಂಗೇಶಣ್ಣನಿಗೆ ಒಂದು ಸಣ್ಣ ಇಂಜಿನ್ ದೋಣಿ ಇತ್ತು. ಅವಳು ಮಾತಾಡಿದರೆ ಅವನು ಸುಮ್ಮನಿರುತ್ತಿದ್ದ, ಅವಳು ಸುಮ್ಮನಾದದ್ದನ್ನು ಮಾತ್ರ ನಾನು ಹೆಚ್ಚು ನೋಡಲಿಲ್ಲ.

ಬೆಂಕಿಯ ಹಿಂದೆಯೇ ಹುಳ ಬಂತು. ಏಪ್ರಿಲಿನಲ್ಲಿ ಒಂದು ದಿನ ತೋಪಿನ ವಾಚರ್ ಬೊಮ್ಮಯ್ಯ ಸುಟ್ಟ ಮರವೊಂದರ ಬುಡದಿಂದ ಒಂದು ಹಿಡಿ ಹುಡಿ ತಂದು ನನ್ನ ಮೇಜಿನ ಮೇಲಿಟ್ಟ. ರವೆಯಂಥ ಮರದ ಹುಡಿ. ಹೋಗಿ ಕಾಂಡಕ್ಕೆ ಕಿವಿಯಿಟ್ಟರೆ ಒಳಗಿನಿಂದ ಕರಕರ ಸದ್ದು, ಯಾರೋ ಕೂತು ಹಪ್ಪಳ ತಿಂದ ಹಾಗೆ. ಬೆಂದು ಸೊರಗಿದ ಮರದ ವಾಸನೆ ಹಿಡಿದು ಕೊರಕ ದುಂಬಿಗಳು ಎಲ್ಲಿಂದಲೋ ಹಾರಿ ಬಂದು ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತವೆ. ಬೆರಳು ಗಾತ್ರದ ಬಿಳಿ ಹುಳ ತೊಗಟೆಯಡಿ ಮೇಯ್ದು, ಆಮೇಲೆ ತಿರುಳಿಗೆ ಇಳಿಯುತ್ತದೆ. ಸುಟ್ಟ ಮರ ಹೇಗೂ ಹೋಯಿತು. ಆದರೆ ಅದರೊಳಗೆ ಬೆಳೆದ ಹುಳ ದುಂಬಿಯಾಗಿ ಹೊರಬಿದ್ದರೆ ಪಕ್ಕದ ಹಸಿರು ಮರಗಳಿಗೂ ಕಂಟಕ. ನಮ್ಮ ರೇಂಜರ್ ಸಾಹೇಬರು ಬಂದು ನೋಡಿ, ಸುಟ್ಟ ಭಾಗದಲ್ಲಿ ಒಂದನ್ನೂ ಬಿಡದೆ ಮಳೆಗೆ ಮೊದಲೇ ಕಡಿಸಿ, ತೊಗಟೆ ಬಿಡಿಸಿ, ತೊಗಟೆಯನ್ನು ಅಂದಂದೇ ಸುಡಿಸಿ ಎಂದರು. ಸರಿಯಾದ ಮಾತೇ. ನಾನೂ ಅದನ್ನೇ ಹೇಳುವವಳಿದ್ದೆ.

ತೊಗಟೆ ಬಿಡಿಸುವ ಕೆಲಸಕ್ಕೆ ಊರ ಹೆಂಗಸರೇ ಬಂದರು. ಬೇಸಿಗೆಯ ಕೊನೆಗೆ ಮೀನೂ ಕಡಿಮೆ, ಕೈಗೆ ಕೆಲಸವೂ ಕಡಿಮೆ. ಗಂಡಾಳುಗಳು ಮರ ಉರುಳಿಸಿದ ಹಾಗೆ ಇವರು ಕತ್ತಿ ಹಿಡಿದು ಸಾಲಾಗಿ ಕೂರುತ್ತಿದ್ದರು. ಮೀನಿನ ಪೊರೆ ಹೆರೆದ ಕೈ ಅವು, ಮರದ ತೊಗಟೆ ಅವಕ್ಕೇನು ಲೆಕ್ಕ? ಮಾತಿಗಂತೂ ತಡೆಯೇ ಇಲ್ಲ. ಮಸಿ ಹತ್ತಿ ಎಲ್ಲರ ಮುಖವೂ ಕಪ್ಪು, ನಗುವಾಗ ಹಲ್ಲು ಮಾತ್ರ ಬಿಳಿ. ಊರಿನ ಕೋಳಿಗಳು ಸುದ್ದಿ ತಿಳಿದು ತೋಪಿಗೇ ಬಂದು ಬೀಡುಬಿಟ್ಟವು. ತೊಗಟೆ ಎದ್ದ ಕೂಡಲೇ ಬಿಳಿ ಹುಳ ಉದುರಬೇಕು, ಕೋಳಿ ಹಾರಿ ಬಂದು ನುಂಗಬೇಕು. ಆ ವರ್ಷ ಕೇಣಿಯ ಕೋಳಿ ತಿಂದವರು ಅದರ ಕೊಬ್ಬನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ತೊಗಟೆಯನ್ನು ಮರಳಗುಂಡಿಯಲ್ಲಿ ಸುಡಿಸೋಣವೆಂದರೆ ಹೆಂಗಸರು ಒಪ್ಪಲಿಲ್ಲ. ಸುಡುವುದೇ ಆದರೆ ನಮ್ಮ ಒಲೆಯಲ್ಲೇ ಸುಡುತ್ತೇವೆ ಎಂದರು. ದಿನದ ತೊಗಟೆ ದಿನವೇ ಸುಡಬೇಕೆಂಬ ಕರಾರಿನ ಮೇಲೆ ಹೂಂ ಅಂದೆ. ಸಂಜೆಯಾದರೆ ಸಾಕು, ಪ್ರತಿ ಮನೆಯ ಬಚ್ಚಲಿನಿಂದ ಆ ಒಗರು ಹೊಗೆ. ಹತ್ತಿ ನೂಲಿನ ಬಲೆಯಿದ್ದ ಕಾಲದಲ್ಲಿ ಇದೇ ತೊಗಟೆ ಬೇಯಿಸಿ ಬಲೆಗೆ ಬಣ್ಣ ಕಟ್ಟುತ್ತಿದ್ದರಂತೆ. ತುಳಸಕ್ಕ ಆ ವಾಸನೆ ಬಂದಾಗೆಲ್ಲ ತನ್ನ ತವರಿನ ಅಂಗಳ ನೆನಪಾಗುತ್ತದೆ ಎನ್ನುತ್ತಿದ್ದಳು. ನನಗೆ ಆಗ ಅದು ಬರೀ ಹೊಗೆ.

ಜಗಳ ಎದ್ದದ್ದು ಎರಡು ಮರಗಳ ವಿಷಯಕ್ಕೆ. ಕಡಿಯುವವರು ತೋಪಿನ ನಡುವಿನ ಎತ್ತರದ ಮರಳದಿಬ್ಬದ ಹತ್ತಿರ ಬಂದ ದಿನ ಹೆಂಗಸರು ಕತ್ತಿ ಕೆಳಗಿಟ್ಟು ಎದ್ದುಬಿಟ್ಟರು. ದಿಬ್ಬದ ಮೇಲೆ ತೋಪಿನಲ್ಲೇ ಎತ್ತರದ ಒಂದು ಹಳೆಯ ಮರ, ಪೂರಾ ಸುಟ್ಟದ್ದು. ಅದರ ನೇರಕ್ಕೆ ಮುಂದೆ, ಅಲೆಯ ಹತ್ತಿರ, ಇನ್ನೊಂದು ಸ್ವಲ್ಪ ಗಿಡ್ಡದು. ಅದಕ್ಕೆ ಒಂದೇ ಮಗ್ಗುಲು ಬೆಂಕಿ ತಾಗಿತ್ತು.

"ಅತ್ತೆ-ಸೊಸೆ ಕಡಿಯೂಕೆ ಬಿಡೂದಿಲ್ಲಾ," ಎಂದಳು ತುಳಸಕ್ಕ.

"ಯಾವ ಅತ್ತೆ? ಯಾವ ಸೊಸೆ?"

"ಹಿಂದೆ ನಿಂತದ್ದು ಅತ್ತೆ. ಮುಂದೆ ನಿಂತದ್ದು ಸೊಸೆ. ಅವೆರಡೂ ಹೋದ್ರೆ ನಮ್ಮವ್ರು ಮನಿಗೆ ಬರೂದು ಹ್ಯಾಂಗೆ?"

ನನಗೆ ತಲೆಬುಡ ತಿಳಿಯಲಿಲ್ಲ. ಹುಳದ ಮರ ಬಿಟ್ಟರೆ ಇಡೀ ತೋಪು ಹೋಗುತ್ತದೆ, ನಾಳೆ ನಿಮ್ಮ ಅನ್ನದಲ್ಲಿ ಮರಳಿನ ಬದಲು ದಂಡೆಯೇ ಇರುತ್ತದೆ ಎಂದು ಗದರಿದೆ. ಅವಳು ನನಗಿಂತ ಜೋರಾಗಿ ಗದರಿದಳು. ಗದ್ದಲ ಕೇಳಿ ಬಂದ ಮಂಗೇಶಣ್ಣ ನಮ್ಮಿಬ್ಬರ ನಡುವೆ ನಿಂತು ಮೆತ್ತಗೆ ಹೇಳಿದ.

"ಬಾಯೋರೇ, ನೀವು ಬುಡದಲ್ಲಿ ನಿಂತ್ಕಂಡು ನೋಡ್ತಿದ್ರಿ. ಒಂದು ಸಲ ನಮ್ಮ ಕಡಿಂದ ನೋಡಿ. ಆಮೇಲೆ ಕಡಿಯೂದಾದ್ರೆ ಕಡೀರಿ."

ಮರುದಿನ ಬೆಳಿಗ್ಗೆ ಅವನ ದೋಣಿ ಹತ್ತಿದೆ. ಕಾಳಿ ನದಿಯ ದಡದಲ್ಲೇ ಹುಟ್ಟಿ ಬೆಳೆದವಳಾದರೂ ಕಡಲಿನ ದೋಣಿ ನನಗೆ ಹೊಸತು. ಅಲೆ ದಾಟುವಾಗ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ದಂಡೆ ಸಣ್ಣದಾಗುತ್ತ ಹೋಯಿತು. ಒಂದು ಕಡೆ ಅವನು ಇಂಜಿನ್ ಸಣ್ಣಗೆ ಮಾಡಿ ನೀರು ತೋರಿಸಿದ. ಕೆಳಗೆ ಕಪ್ಪಗೆ ಏನೋ ಮಲಗಿದ ಹಾಗೆ. ಆಮೆಕಲ್ಲು. ನೀರು ಇಳಿದಾಗ ಬೆನ್ನು ಕಾಣುತ್ತದೆ, ಏರಿದಾಗ ಕಾಣುವುದಿಲ್ಲ. ಇನ್ನೊಂದು ಬದಿಗೆ ನೀರಿನಡಿಯ ಮರಳದಿಣ್ಣೆ, ಅಲ್ಲಿ ಅಲೆ ಒಡೆದರೆ ದೋಣಿ ಮಗುಚುತ್ತದೆ. ಎರಡರ ನಡುವೆ ಓಣಿಯಂಥ ಒಂದು ದಾರಿ.

"ಈಗ ತೋಪು ನೋಡಿ. ಅತ್ತೆ ತಲೆ ಸೊಸೆ ತಲೆ ಮೇಲೆ ಕೂತದೆ, ಅಲ್ದಾ?"

ಹೌದು. ಹಿಂದಿನ ಮರದ ತುದಿ ಮುಂದಿನ ಮರದ ತುದಿಯ ಮೇಲೆ ಸರಿಯಾಗಿ ಕೂತಿತ್ತು, ಎರಡೂ ಸೇರಿ ಒಂದೇ ಮರ.

"ಅತ್ತೆ ಸೊಸೆ ತಲೆ ಮೇಲೆ ಕೂತಷ್ಟು ಹೊತ್ತು ನಾವು ಬದುಕಿದ್ವಿ. ಬೇರೆಬೇರೆ ಆದ್ರೆ ನಮ್ಮ ಕತೆ ಮುಗೀತು. ಮನಿಯಲ್ಲಿ ಮಾತ್ರ ಇದು ಉಲ್ಟಾ," ಎಂದು ನಕ್ಕ.

ಫೋನಿನಲ್ಲಿ ನಕಾಶೆ ಇದೆಯಲ್ಲ ಎಂದು ಕೇಳಿದೆ.

"ಅದೆ. ಮೀನು ಇದ್ದಲ್ಲಿಗೆ ಹೋಗೂಕೆ ಫೋನು ಸಾಕು. ಮಳೆಗಾಲದಲ್ಲಿ ಮನಿಗೆ ಬರೂಕೆ ಕಣ್ಣೇ ಬೇಕು. ಒಂದು ಕೈಲಿ ಇಂಜಿನ್ನು, ಒಂದು ಕೈಲಿ ನೀರು ಚೆಲ್ಲೂದು. ಫೋನು ಎಂತದ್ರಲ್ಲಿ ಹಿಡಿಯೂದು, ಬಾಯಲ್ಲಾ?"

ವಾಪಸು ಬರುವಾಗ ದಂಡೆಯಲ್ಲಿ ತುಳಸಕ್ಕ ನಿಂತಿದ್ದಳು. ಅಲೆ ಶಾಂತವಾಗಿತ್ತು, ಹೆದರುವಂಥದ್ದು ಏನೂ ಇರಲಿಲ್ಲ. ಆದರೂ ನಿಂತಿದ್ದಳು. ಗಂಡ ಹೋದ ದಿನವೆಲ್ಲ ಆ ಹೊತ್ತಿಗೆ ಅವಳು ಅಲ್ಲಿ ನಿಲ್ಲುವವಳೇ, ದೋಣಿ ಮರಳಿಗೆ ತಾಗಿದ ಮೇಲೆಯೇ ಮನೆಗೆ ಹೋಗಿ ಒಲೆಗೆ ಬೆಂಕಿ ಹಾಕುವವಳು ಎಂದು ಆಮೇಲೆ ತಿಳಿಯಿತು. ಪೇಟೆಯ ಮೀನುಮಾರುಕಟ್ಟೆಯನ್ನೇ ನಡುಗಿಸುವ ಹೆಂಗಸು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿ ನಿಂತದ್ದು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ರೇಂಜರ್ ಸಾಹೇಬರನ್ನು ಕರೆಸಿ ನಡೆದದ್ದು ಹೇಳಿದೆ. ಅವರು ಎರಡೂ ಮರಗಳನ್ನು ಸುತ್ತುಹಾಕಿ, ಕಾಂಡ ತಟ್ಟಿ, ಕಿವಿಯಿಟ್ಟು ಕೇಳಿದರು. ಸೊಸೆಯೊಳಗೆ ಸದ್ದಿರಲಿಲ್ಲ. ಅತ್ತೆಯ ಬುಡದಲ್ಲಿ ಸಣ್ಣಗೆ ಕರಕರ ಇತ್ತು. ತುಳಸಕ್ಕ ಪಕ್ಕದಲ್ಲೇ ನಿಂತಿದ್ದಳು.

"ಮುಂದಿನದು ಬದುಕುತ್ತದೆ, ಸುಟ್ಟ ಕೊಂಬೆ ಸವರಿ ಬಿಡಿ," ಎಂದರು ಅವರು. "ಹಿಂದಿನದರ ತೊಗಟೆ ತುದಿಯಿಂದ ಬುಡದವರೆಗೆ ಬಿಡಿಸಿ, ತೂತಿಗೆ ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತಿ. ಆದರೆ ಒಂದು ಮಾತು. ಅದು ಸತ್ತ ಮರ. ಈ ಮಳೆಗಾಲ ತಡೆದೀತು ಎಂದು ನಾನು ಬರೆದುಕೊಡುವುದಿಲ್ಲ."

"ಈ ಮಳೆಗಾಲ ಒಂದು ಹೋಗ್ಲಿ ಸಾಯ್ಬ್ರೇ," ಎಂದಳು ತುಳಸಕ್ಕ. "ಮುಂದಿಂದು ಮುಂದೆ ನೋಡ್ವಾ."

ಅತ್ತೆಯ ತೊಗಟೆ ಬಿಡಿಸಲು ಬೊಮ್ಮಯ್ಯ ಹತ್ತಿದ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಕತ್ತಿ. ಕೆಳಗೆ ಊರೇ ಸೇರಿತ್ತು. ತುದಿ ಮುಟ್ಟಿದವನು ಕೊಂಬೆಗೆ ಹಗ್ಗ ಬಿಗಿದು ಅದರ ಇನ್ನೊಂದು ತುದಿಯನ್ನು ಕೆಳಗೆ ಬಿಟ್ಟ, ಕುಡಿಯುವ ನೀರು ಮೇಲಕ್ಕೆ ಕಳಿಸಲು. ಹಗ್ಗ ಬುಡಕ್ಕೆ ಬರುತ್ತದೆಂದು ನಾವು ಬುಡದಲ್ಲಿ ಕೈಯೊಡ್ಡಿ ನಿಂತಿದ್ದರೆ ಅದು ಆಚೆ ಬಡಗು ದಿಕ್ಕಿನ ಕೇದಗೆ ಮೆಳೆಯ ಹತ್ತಿರ ಹೋಗಿ ಇಳಿಯಿತು. ತಂಬಿಗೆ ಹಿಡಿದುಕೊಂಡು ಓಡಿದ ತುಳಸಕ್ಕನ ಸೀರೆ ಕೇದಗೆಯ ಮುಳ್ಳಿಗೆ ಸಿಕ್ಕಿ ಹರಿಯಿತು. "ಹಗ್ಗ ಬಿಡೂಕೂ ಬರೂದಿಲ್ವನಾ ನಿಂಗೆ?" ಎಂದು ಅವಳು ಬೈದಳು. "ನಾ ನೆಟ್ಟಗೇ ಬಿಟ್ಟಿದ್ದೆ, ನಿಮ್ಮ ಅತ್ತೇನೇ ಸೊಟ್ಟ," ಎಂದು ಅವನು ಮೇಲಿನಿಂದ ಕೂಗಿದ. ಎಲ್ಲರೂ ನಕ್ಕೆವು, ಅಲ್ಲಿಗೇ ಮರೆತೆವು. ಕಡಲಗಾಳಿಗೆ ನಿಂತ ಮರ ಯಾವುದು ತಾನೇ ನೆಟ್ಟಗಿರುತ್ತದೆ? ಸಂಜೆಗೆ ಅತ್ತೆ ಬುಡದಿಂದ ತುದಿಯವರೆಗೆ ಬೆಳ್ಳಗೆ ನಿಂತಿದ್ದಳು. ಕಡಲಿನಿಂದ ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತಾಳೆ ಎಂದು ಮಂಗೇಶಣ್ಣ ಮಾರನೆಯ ದಿನ ಸುದ್ದಿ ತಂದ.

ಜೂನಿನ ಮಳೆ ಹಿಡಿಯಿತು. ಆ ಒಂದು ತಿಂಗಳು ನಾನು ಒಣಗಿದ ಬಟ್ಟೆ ಹಾಕಿದ ನೆನಪೇ ಇಲ್ಲ. ಬರೀ ಗಾಳಿಮರ ನೆಟ್ಟು ಕೈತೊಳೆದುಕೊಂಡರೆ ನಾಳೆ ಮತ್ತೆ ಇದೇ ಬೆಂಕಿ, ಇದೇ ಹುಳ ಎಂದು ಈ ಸಲ ಬೆರಕೆಯಾಗಿ ನೆಟ್ಟೆವು. ಮುಂದೆ ಮರಳು ಹಿಡಿಯಲು ಬಂಗಡೆ ಬಳ್ಳಿ, ಅದರ ಹಿಂದೆ ಕೇದಗೆ, ನಡುವೆ ಹೊನ್ನೆ, ಹೊಂಗೆ, ಅಲ್ಲಲ್ಲಿ ಗಾಳಿಮರ. ತೊಗಟೆ ಬಿಡಿಸಿದ ಹೆಂಗಸರೇ ಮಳೆಗೆ ಎಲೆಯ ಗೊರಬು ಸೂಡಿಕೊಂಡು ಬಂದು ಸಸಿ ನೆಟ್ಟರು. ಅತ್ತೆಯಿಂದ ಸೊಸೆಯವರೆಗೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಖಾಲಿ ಬಿಡಿಸಿದೆ, ನಾಳೆ ಗಿಡ ಬೆಳೆದು ನಡುವೆ ಮರೆಯಾಗಬಾರದೆಂದು. ನೆಟ್ಟದ್ದು ಮೊದಲ ವಾರ ಮರಳಿನಲ್ಲಿ ಹೂತುಹೋಗುತ್ತಿತ್ತು, ಬೆರಳಲ್ಲಿ ಕೆದಕಿ ತೆಗೆಯುತ್ತಿದ್ದೆವು. ಬೈದುಕೊಂಡು ಬಂದ ಊರು ಅದು. ಯಾವಾಗ ನನ್ನದಾಯಿತೋ ಗೊತ್ತಾಗಲಿಲ್ಲ.

ಜುಲೈಯಲ್ಲಿ ಎರಡು ದಿನ ಬಿಡದೆ ಗಾಳಿ ಬೀಸಿತು. ಗಾಳಿ ನಿಂತ ಬೆಳಿಗ್ಗೆ ಹೋಗಿ ನೋಡಿದರೆ ಅತ್ತೆ ಬುಡದಲ್ಲೇ ಮುರಿದು ಬಿದ್ದಿದ್ದಳು. ಹುಳ ತಿಂದ ಜಾಗದಲ್ಲೇ. ಸೊಸೆ ಮಾತ್ರ ಒಂಟಿಯಾಗಿ ನಿಂತಿದ್ದಳು. ಸುಡದ ಮಗ್ಗುಲಿನಲ್ಲಿ ಹಸಿರು ಚಿಗುರು ಬೇರೆ. ತುಳಸಕ್ಕ ಬಿದ್ದ ಮರದ ಮೇಲೆ ಕೈಯಿಟ್ಟು ಕೂತಿದ್ದಳು, ಅಳಲಿಲ್ಲ. "ಹುಣ್ಣಿಮೆ ಬಂತು ಬಾಯೋರೇ," ಎಂದಳು ಅಷ್ಟೇ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ದೋಣಿಗಳು ಹೊರಡುತ್ತವೆ. ಹಬ್ಬ ಎದುರಿಗೇ ಇತ್ತು.

ಬದಲಿಗೆ ಏನು ಮಾಡುವುದೆಂದು ಎಲ್ಲರೂ ಸೇರಿ ಯೋಚಿಸಿದೆವು. ಬೊಮ್ಮಯ್ಯ ಉದ್ದನೆಯ ಬಿದಿರು ತಂದ. ತುಳಸಕ್ಕ ತನ್ನ ಬಿಳಿ ಸೀರೆಯ ತುಂಡು ಕೊಟ್ಟಳು. ಅತ್ತೆಯ ಬುಡ ಎಲ್ಲಿತ್ತೋ ಅಲ್ಲೇ, ಮುರಿದ ಕೊರಡಿಗೆ ಬಿಗಿದು, ಬಿದಿರು ನಿಲ್ಲಿಸಿದೆವು. ತುದಿಯಲ್ಲಿ ಬಿಳಿ ಬಟ್ಟೆ ಪಟಪಟ ಹಾರಿತು. ಗಂಡಸರು ಕೆಳಗಿನಿಂದ ನೋಡಿ ತಲೆಯಾಡಿಸಿದರು, ಅತ್ತೆ ನಿಂತ ಜಾಗದಲ್ಲೇ ಅತ್ತೆ ನಿಂತಳು ಎಂದರು. ನನಗೂ ಎಲ್ಲ ಸರಿಯಾಯಿತೆನಿಸಿ ಹೆಮ್ಮೆಯಾಯಿತು.

ಹುಣ್ಣಿಮೆ ಕಳೆದ ಮರುದಿನ ನಸುಕಿಗೆ ದೋಣಿಗಳು ಹೋದವು. ಬಿಸಿಲೇರುವ ಹೊತ್ತಿಗೆ ಬಿಸಿಲಿನ ಬದಲು ಮೋಡ ಏರಿತು. ಜಿಟಿಜಿಟಿ ಮಳೆ, ನೀರು ಬೂದಿ ಬಣ್ಣ, ಅಲೆ ಗಳಿಗೆ ಗಳಿಗೆಗೂ ದೊಡ್ಡದಾಗುತ್ತಿತ್ತು. ಹೆಂಗಸರೆಲ್ಲ ದಂಡೆಗೆ ಬಂದರು. ನಾನು, ಬೊಮ್ಮಯ್ಯ, ತುಳಸಕ್ಕ ದಿಬ್ಬದ ಮೇಲೆ ಬಿದಿರು ಹಿಡಿದು ನಿಂತಿದ್ದೆವು. ಗಾಳಿಗೆ ಅದು ಒಬ್ಬರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ದೂರದಲ್ಲಿ ದೋಣಿಗಳು ಕಂಡವು. ಮುಂದಿನದು ಮಂಗೇಶಣ್ಣನದು. ಓಣಿಯ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಸ್ವಲ್ಪ ಮುಂದೆ ಬಂತು, ಮತ್ತೆ ಹಿಂದೆ ಸರಿಯಿತು. ಅದರ ಹಿಂದಿನವೂ ನಿಂತವು.

"ಯಾಕೆ ಬರೂದಿಲ್ಲಾ? ಬಟ್ಟೆ ಕಾಣ್ತಿಲ್ವಾ?" ಎಂದು ತುಳಸಕ್ಕ ಕಿರುಚಿದಳು.

ಬಟ್ಟೆ ಕಾಣುತ್ತಿತ್ತು. ಬಟ್ಟೆ ಹೇಳಿದ ಕಡೆ ಬಂದರೆ ಎದುರಿಗೆ ನೀರು ಬೆಳ್ಳಗೆ ಕುದಿಯುತ್ತಿತ್ತು. ಅದನ್ನು ಮಂಗೇಶಣ್ಣ ಆಮೇಲೆ ಹೇಳಿದ. ಬಟ್ಟೆ ನಂಬುವುದೋ ನೀರು ನಂಬುವುದೋ ತಿಳಿಯದೆ ನಿಂತಿದ್ದನಂತೆ. ದಂಡೆಯಲ್ಲಿ ನಮಗೆ ಅದೆಲ್ಲಿ ಗೊತ್ತು? ಏನೋ ತಪ್ಪಿದೆ ಎಂದು ಮಾತ್ರ ಅನಿಸಿತು. ಬಿದಿರಿನ ಬುಡ ನೋಡಿದೆ, ಕೊರಡಿಗೆ ಸರಿಯಾಗಿಯೇ ಬಿಗಿದಿತ್ತು. ತಲೆಯೆತ್ತಿ ತುದಿ ನೋಡಿದೆ, ಅದು ಬುಡದ ನೇರಕ್ಕೇ ಇತ್ತು. ಆಗ ಬೊಮ್ಮಯ್ಯನ ಹಗ್ಗ ನೆನಪಾಯಿತು.

"ತುಳಸಕ್ಕಾ, ಕೇದಗೆ! ನಿನ್ನ ಸೀರೆ ಹರಿದಲ್ಲಿ! ಹಗ್ಗ ಇಳಿದದ್ದು ಅಲ್ಲಿ!"

ಅವಳು ನನ್ನ ಮುಖ ನೋಡಿದಳು. ಒಂದು ಕ್ಷಣ ಅಷ್ಟೇ. "ಅಯ್ಯೋ, ಅತ್ತೆ ಸೊಟ್ಟ ಆಗಿದ್ದಿತ್ತು!" ಎಂದವಳೇ ಕೊರಡಿನ ಕಟ್ಟನ್ನು ಕತ್ತಿಯಿಂದ ಕಡಿದಳು. ಕಡಲಿನಲ್ಲಿದ್ದವರು ಅಷ್ಟೂ ವರ್ಷ ನೋಡಿಕೊಂಡು ಬಂದದ್ದು ಮರದ ತಲೆಯನ್ನು. ದಂಡೆಯಲ್ಲಿದ್ದ ನಾವು ನೆನಪಿಟ್ಟದ್ದು ಅದರ ಬುಡವನ್ನು. ಆ ತಲೆ ಬಡಗಿಗೆ ವಾಲಿ ಕೇದಗೆಯ ಮೇಲೆ ನಿಂತಿತ್ತು. ಮೂವರೂ ಬಿದಿರು ಎತ್ತಿಕೊಂಡು ಓಡಿದೆವು. ಮುಳ್ಳಿನಲ್ಲೇ ನುಗ್ಗಿ ಹಗ್ಗ ಇಳಿದ ಜಾಗದಲ್ಲಿ ಊರಿ, ಮೈಯೆಲ್ಲ ಅದಕ್ಕೆ ಒತ್ತಿ ಹಿಡಿದೆವು. ಅವಳ ಕೈ ನನ್ನ ಕೈಯ ಮೇಲಿತ್ತು, ಅಷ್ಟು ಬಿಗಿಯಾಗಿ ಯಾರೂ ನನ್ನ ಕೈ ಹಿಡಿದದ್ದಿಲ್ಲ. ಅವಳು ಏನೋ ಗೊಣಗುತ್ತಿದ್ದಳು. ಯಾವ ದೇವರ ಹೆಸರೂ ಅಲ್ಲ, ಬರೀ "ಬಾ, ಬಾ, ಬಾ" ಎಂದು.

ಮಂಗೇಶಣ್ಣನ ದೋಣಿ ಮೂತಿ ತಿರುಗಿಸಿತು. ತುಸು ತೆಂಕಿಗೆ ಸರಿಯಿತು. ಆಮೇಲೆ ಇಂಜಿನ್ ಜೋರು ಮಾಡಿ, ಅಲೆಯ ಬೆನ್ನಿನ ಮೇಲೆ ನೆಟ್ಟಗೆ ಬಂತು. ಹಿಂದೆಯೇ ಉಳಿದವೂ ಸಾಲಾಗಿ ಬಂದವು. ಕೊನೆಯ ದೋಣಿ ಮರಳಿಗೆ ತಾಗುವವರೆಗೆ ನಾವು ಬಿದಿರು ಬಿಡಲಿಲ್ಲ.

"ಅತ್ತೆ ಕಾಲು ಹಿಡ್ಕಂಡು ಕೂತಿದ್ರಾ ನೀವು?" ಎಂದ ಮಂಗೇಶಣ್ಣ, ದಿಬ್ಬ ಹತ್ತಿ ಬಂದು. ನಗಲು ನೋಡಿದ, ಆಗಲಿಲ್ಲ. ತುಳಸಕ್ಕ ಅವನಿಗೆ ಎರಡು ಮಾತು ಬೈದು, ಮುಖ ತಿರುಗಿಸಿಕೊಂಡು, ಅಲ್ಲೇ ಮಳೆಯಲ್ಲಿ ಕೂತು ಅತ್ತಳು. ನಾನೂ ಅತ್ತುಬಿಟ್ಟೆ. ಸಮವಸ್ತ್ರದಲ್ಲಿ ಅಳಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವಾರವೇ ಕೇದಗೆಯ ಪಕ್ಕದಲ್ಲಿ ನೆಲ ಕೆದಕಿ, ಬುಟ್ಟಿಯಲ್ಲಿ ಕೆಂಪುಮಣ್ಣು ತಂದು ಸುರಿದು, ನರ್ಸರಿಯಲ್ಲಿದ್ದ ಒಳ್ಳೆಯ ಒಂದು ಹೊನ್ನೆ ಸಸಿ ನೆಟ್ಟೆವು. ಪಕ್ಕದಲ್ಲೇ ಬಿದಿರು. ಸಸಿ ಮರವಾಗುವವರೆಗೆ ಬಟ್ಟೆ ಬದಲಿಸುವ ಕೆಲಸ ನನ್ನದು ಎಂದಳು ತುಳಸಕ್ಕ. ಮುಂದಿನ ವರ್ಷ ನನಗೆ ವರ್ಗವಾಯಿತು. ಹೊರಡುವ ದಿನ ಅವಳು ಒಣಸೀಗಡಿಯ ದೊಡ್ಡ ಪೊಟ್ಟಣ ಕೊಟ್ಟಳು. "ಮರಳಿಲ್ಲಾ, ನೋಡಿಕಂಡು ತುಂಬಿದ್ದೆ," ಎಂದಳು.

ಬಚ್ಚಲ ಒಲೆಯ ಮುಂದೆ ಇದೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮುಂದಿನ ಭಾನುವಾರ ಸ್ಕೂಟರ್ ಹತ್ತಿ ಕಾಳಿ ಸೇತುವೆ ದಾಟಿ ಕೇಣಿಗೆ ಹೋದೆ. ತೋಪು ತುಂಬಿಕೊಂಡಿತ್ತು. ಒಂದೇ ಜಾತಿಯ ಸೈನಿಕ ಸಾಲಲ್ಲ, ಸಂತೆಯಲ್ಲಿ ಸೇರಿದ ಜನರ ಹಾಗೆ ಎತ್ತರ, ಗಿಡ್ಡ, ದಪ್ಪ, ಸಪೂರ ಎಲ್ಲ ಕೂಡಿ. ಸೊಸೆ ಮೈ ತುಂಬಿ ನಿಂತಿದ್ದಳು, ಸುಟ್ಟ ಮಗ್ಗುಲಿನ ಗಾಯ ಅರ್ಧ ಮುಚ್ಚಿತ್ತು. ದಿಬ್ಬದ ಮೇಲೆ ಹೊನ್ನೆ ಮರ. ಅದರ ನೆತ್ತಿಗೆ ಕಟ್ಟಿದ ಗಳದ ತುದಿಯಲ್ಲಿ ಬಿಳಿ ಬಟ್ಟೆ. ಹಿಂದೆ ಉದ್ದನೆಯ ಬಿದಿರಿತ್ತಲ್ಲ, ಮರ ಎದ್ದ ಹಾಗೆ ವರ್ಷವರ್ಷವೂ ಗಳ ಮೋಟಾಗುತ್ತ ಬಂದಿತ್ತು.

"ಯೋ ಗೋ ಬಾಯ್!" ಎಂದು ಕೊಂಕಣಿಯಲ್ಲಿ, ಬಾರಮ್ಮಾ ಅನ್ನುವಂತೆ, ಕೂಗಿಕೊಂಡು ತುಳಸಕ್ಕ ಓಡಿ ಬಂದಳು. ಕೂದಲು ನೆರೆತಿತ್ತು, ದನಿ ಹಾಗೇ ಇತ್ತು. ಬಂದವಳೇ ಹಿಂದೆ ನಿಂತ ಗಂಡನ ಮೇಲೆ ದೂರು ಶುರುಮಾಡಿದಳು. "ಇಂವ ಹೇಳ್ತ, ಇನ್ನು ಬಟ್ಟೆ ಬ್ಯಾಡ, ಮರನೇ ಕಾಣ್ತದೆ ಅಂತಾ. ನಾ ಹ್ಯಾಂಗೆ ನಂಬೂದು ಬಾಯೋರೇ? ಒಂದು ಸಲ ಬುಡ ನಂಬಿ ಆಗಿದ್ದು ಸಾಕಾಗಲಿಲ್ವಾ?"

"ಹಾಂಗಾದ್ರೆ ಬಂದು ನೋಡು," ಎಂದ ಮಂಗೇಶಣ್ಣ. ಅದೇ ಮೆತ್ತನೆಯ ದನಿ.

ಜೀವಮಾನವಿಡೀ ಮೀನು ಮಾರಿದವಳು ಒಂದು ದಿನವೂ ದೋಣಿ ಹತ್ತಿದವಳಲ್ಲ. ಆ ಊರಲ್ಲಿ ಹೆಂಗಸರು ಹತ್ತುವ ವಾಡಿಕೆಯಿಲ್ಲ. ಅವಳು ನನ್ನನ್ನು ನೋಡಿದಳು, ನಾನು ಸ್ಯಾಂಡಲ್ ಬಿಚ್ಚಿದೆ. ಕಡಲು ಅವತ್ತು ಹದವಾಗಿತ್ತು. ಅಲೆ ದಾಟುವಾಗ ಅವಳು ನನ್ನ ಕೈಯನ್ನು ಹಿಂದಿನ ಹಾಗೆಯೇ ಹಿಡಿದುಕೊಂಡಳು. ಆಮೆಕಲ್ಲಿನ ಹತ್ತಿರ ದೋಣಿ ನಿಂತಿತು. ದಂಡೆ ನೋಡಿದೆವು. ಸೊಸೆಯ ತಲೆಯ ಮೇಲೆ ಹೊನ್ನೆಯ ದಟ್ಟ ಹಸಿರು ತಲೆ ಸರಿಯಾಗಿ ಕೂತಿತ್ತು. ಅದರ ಮೇಲೆ, ಕಣ್ಣು ಕಿರಿದು ಮಾಡಿ ಹುಡುಕಿದರೆ, ಒಂದು ಬಿಳಿ ಚುಕ್ಕೆ.

ತುಳಸಕ್ಕನ ಕಣ್ಣು ಮರದಿಂದ ಕೆಳಗೆ ಮರಳಿಗೆ ಇಳಿಯಿತು. ಆಮೇಲೆ ಕೇಳಿದಳು. "ನಾ ದಿನಾ ನಿಲ್ತಿದ್ದದ್ದು ಎಲ್ಲಿ?"

ಮಂಗೇಶಣ್ಣ ಸೊಸೆಯ ಬುಡದ ಹತ್ತಿರ ಕೈ ತೋರಿಸಿದ. ಅಲ್ಲಿ ಬರೀ ಮರಳು, ಮನುಷ್ಯರು ನಿಂತರೆ ಇರುವೆಯಷ್ಟೂ ಕಾಣುವುದು ಸಂಶಯ.

"ಅಷ್ಟು ದೂರದಿಂದ ನಾ ಕಾಣ್ತಿದ್ನಾ?"

"ಇಲ್ಲಾ," ಎಂದ ಅವನು. "ಆದ್ರೆ ಇದ್ದಿ ಅಂತ ಗೊತ್ತಿತ್ತು."

ದಂಡೆಗೆ ನಮ್ಮನ್ನು ಇಳಿಸಿ ಅವನು ಬಲೆ ಎತ್ತಲು ಮತ್ತೆ ಹೊರಟ. ತುಳಸಕ್ಕ ನೇರ ದಿಬ್ಬ ಹತ್ತಿದಳು. ಬಟ್ಟೆ ಬದಲಿಸಲು ಮರಕ್ಕೆ ಒರಗಿಸಿಟ್ಟಿದ್ದ ಏಣಿಯನ್ನು ನಾನು ಹಿಡಿದೆ, ಅವಳು ಹತ್ತಿ ಕಟ್ಟು ಬಿಚ್ಚಿ ಗಳ ಇಳಿಸಿದಳು. ಬಟ್ಟೆಯನ್ನು ಕೊಡವಿ, ನಾಲ್ಕಾಗಿ ಮಡಿಸಿ, ಸೊಂಟಕ್ಕೆ ಸಿಕ್ಕಿಸಿದಳು. ಹೊನ್ನೆ ಹೂಬಿಟ್ಟಿತ್ತು, ಆ ಪರಿಮಳ ಮೈಗೆಲ್ಲ ಹತ್ತಿತು. ಕೆಳಗೆ ಅವನ ದೋಣಿ ಅಲೆ ದಾಟುತ್ತಿತ್ತು. ನಾನು ಅಭ್ಯಾಸದಂತೆ ದಂಡೆಯ ಕಡೆಗೆ, ಅವಳು ನಿಲ್ಲುವ ಜಾಗದ ಕಡೆಗೆ ನಡೆದೆ. ಅವಳು ಬರಲಿಲ್ಲ. ಹಿಂತಿರುಗಿ ನೋಡಿದರೆ ಊರಿನ ದಾರಿ ಹಿಡಿದಿದ್ದಳು.

"ಎಂತ ನಿಂತ್ರಿ ಬಾಯೋರೇ? ಬನ್ನಿ," ಎಂದಳು. "ಅಂವ ಬರೂದ್ರೊಳಗೆ ಅನ್ನ ಆಗ್ಬೇಕು."